ತಲೆಗೆ ಪೆಟ್ಟು: ನಿಜವೋ, ನಾಟಕವೋ? ಫುಟ್‌ಬಾಲ್ ರೆಫರಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಹೊಸ ರೆಫರಿಗಳು ಮತ್ತೆ ಮತ್ತೆ ಎಡವುವುದು ಒಂದೇ ಜಾಗದಲ್ಲಿ. ಆಟಗಾರನೊಬ್ಬ ತಲೆ ಹಿಡಿದುಕೊಂಡು ಬೀಳುತ್ತಾನೆ. ರೆಫರಿ ವಿಸಿಲ್ ಊದುತ್ತಾರೆ. ಎದುರು ತಂಡದ ಒಳ್ಳೆಯ ಅಟ್ಯಾಕ್ ಅಲ್ಲಿಗೇ ನಿಂತುಹೋಗುತ್ತದೆ. ಬಿದ್ದವನು ಹತ್ತು ಸೆಕೆಂಡಿನಲ್ಲಿ ಎದ್ದು ಜಿಂಕೆಯ ಹಾಗೆ ಓಡುತ್ತಾನೆ. ಎಲ್ಲರೂ ರೆಫರಿ ಮೇಲೆ ಕೂಗಾಡುತ್ತಾರೆ. ಮುಂದಿನ ಪಂದ್ಯದಲ್ಲಿ ಇನ್ನೊಬ್ಬ ಬಿದ್ದಾಗ ಅದೇ ರೆಫರಿ ಕೈ ಬೀಸಿ 'ಆಡಿ, ಆಡಿ' ಎನ್ನುತ್ತಾರೆ. ಆದರೆ ಈ ಸಲದ ಪೆಟ್ಟು ನಿಜ.

ಎರಡನೇ ತಪ್ಪು ಹುಟ್ಟಿದ್ದೇ ಮೊದಲ ಸಲ ಆದ ಅವಮಾನದಿಂದ. ಹಾಗಾಗಿ ಈ ಬರಹದಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

## ಶುರುವಿಗೆ ಮುಂಚೆ: ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

ಆಟಗಾರ ಬಿದ್ದ ಕೂಡಲೇ ನಿಮ್ಮ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಇವನ ತಲೆಗೆ ಏಟಾಗಿರಬಹುದಾ? ಯಾರಾದರೂ ತಪ್ಪು ಮಾಡಿದರಾ? ಇವೆರಡನ್ನೂ ಒಂದೇ ಉಸಿರಿನಲ್ಲಿ ಕೇಳಿಕೊಳ್ಳುವುದೇ ದೊಡ್ಡ ತಪ್ಪು. 'ಫೌಲ್ ಆಗಿಲ್ಲ, ಹಾಗಾಗಿ ನಾಟಕ' ಎಂದುಕೊಳ್ಳುತ್ತೇವೆ. ಇಲ್ಲವೇ 'ರಕ್ತ ಬರ್ತಿದೆ, ಹಾಗಾಗಿ ಫೌಲ್' ಎಂದುಕೊಳ್ಳುತ್ತೇವೆ. ಎರಡೂ ಸರಿಯಲ್ಲ.

1989ರಲ್ಲಿ ಮರಕಾನಾ ಮೈದಾನದಲ್ಲಿ ಬ್ರೆಜಿಲ್ ವಿರುದ್ಧದ ಪಂದ್ಯದಲ್ಲಿ ಚಿಲಿಯ ಗೋಲ್‌ಕೀಪರ್ ರಾಬರ್ಟೋ ರೋಹಾಸ್ ರಕ್ತ ಸುರಿಸುತ್ತಾ ಬಿದ್ದರು. ಹತ್ತಿರದಲ್ಲೇ ಪ್ರೇಕ್ಷಕರು ಎಸೆದ ಬೆಂಕಿಪಟಾಕಿ ಬಿದ್ದಿತ್ತು. ರಕ್ತ ನಿಜವೇ ಆಗಿತ್ತು. ಆದರೆ ಗ್ಲೌಸಿನಲ್ಲಿ ಅಡಗಿಸಿಟ್ಟುಕೊಂಡಿದ್ದ ಬ್ಲೇಡಿನಿಂದ ಅವರೇ ಕುಯ್ದುಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ಗಾಯ ನಿಜ, ಕಾರಣ ಸುಳ್ಳು. 2002ರ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ರಿವಾಲ್ಡೋ ಮಾಡಿದ್ದು ಬೇರೆ ಥರ. ಟರ್ಕಿಯ ಆಟಗಾರ ಒದ್ದ ಚೆಂಡು ಅವರ ಕಾಲಿಗೆ ತಗುಲಿತು, ಅವರು ಮುಖ ಹಿಡಿದುಕೊಂಡು ಬಿದ್ದರು. ಅಲ್ಲಿ ಏಟು ತಾಗಿದ್ದು ನಿಜ, ಗಾಯ ಸುಳ್ಳು. ಟರ್ಕಿ ಆಟಗಾರನನ್ನು ಹೊರಗೆ ಕಳಿಸಲಾಯಿತು. ರಿವಾಲ್ಡೋಗೆ ಫಿಫಾ ಆಮೇಲೆ ದಂಡ ಹಾಕಿತು.

ಹಾಗಾಗಿ ಮೊದಲ ಪ್ರಶ್ನೆಗೆ ಮೊದಲು ಉತ್ತರ ಕೊಡಿ. ಎರಡನೆಯದು ಒಂದು ನಿಮಿಷ ಕಾದರೂ ಎಲ್ಲಿಗೂ ಓಡಿಹೋಗುವುದಿಲ್ಲ.

## ಹಂತ 1: ಪಂದ್ಯಕ್ಕೆ ಮುಂಚಿನ ಹದಿನೈದು ನಿಮಿಷ

ಕಿಸೆಯಲ್ಲಿ ಏನಿರಬೇಕು? ಎರಡು ಗಡಿಯಾರ, ಎರಡು ವಿಸಿಲ್, ಕಾರ್ಡುಗಳು, ಪುಸ್ತಕ, ಎರಡು ಪೆನ್ಸಿಲ್. ಒಂದು ಗಡಿಯಾರ ಪಂದ್ಯಕ್ಕೆ, ಇನ್ನೊಂದು ನಿಂತುಹೋದ ಸಮಯಕ್ಕೆ. ಈ ಎರಡನೇ ಗಡಿಯಾರ ಇಲ್ಲದಿದ್ದರೆ ಮುಂದೆ ಹೇಳುವ ಅರ್ಧ ಕೆಲಸ ಅಂದಾಜಿನಲ್ಲಿ ನಡೆಯುತ್ತದೆ.

ಆಮೇಲೆ ಮೂರು ವಿಷಯ ವಿಚಾರಿಸಿ. ಡಾಕ್ಟರ್ ಅಥವಾ ಫಿಸಿಯೋ ಯಾರು, ಎಲ್ಲಿ ಕೂರುತ್ತಾರೆ? ಸ್ಟ್ರೆಚರ್ ಎಲ್ಲಿದೆ? ಆಂಬುಲೆನ್ಸ್ ಯಾವ ಗೇಟಿನಿಂದ ಬರುತ್ತದೆ, ಆ ಗೇಟಿಗೆ ಬೀಗ ಹಾಕಿದೆಯಾ? ಬೀಗದ ಕೀ ಯಾರ ಹತ್ತಿರ ಇದೆ ಎಂದು ಕೇಳಲು ನಾಚಿಕೆ ಪಡಬೇಡಿ. ಡಾಕ್ಟರ್ ಯಾರೂ ಇಲ್ಲದ ಪಂದ್ಯವಾದರೆ, ಫೋನ್ ಮಾಡುವವರು ಯಾರು ಎಂದು ಆಗಲೇ ಗೊತ್ತು ಮಾಡಿಕೊಳ್ಳಿ.

ಕನ್ಕಷನ್ ಅಂದರೆ ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ; ಆ ಅನುಮಾನವಿರುವವನ ಬದಲು ಹೆಚ್ಚುವರಿಯಾಗಿ ಇನ್ನೊಬ್ಬನನ್ನು ಇಳಿಸುವ ಅವಕಾಶ, ಅಂದರೆ ಕನ್ಕಷನ್ ಸಬ್‌ಸ್ಟಿಟ್ಯೂಟ್, ಟೂರ್ನಿಯಲ್ಲಿ ಇದೆಯಾ ಎಂದೂ ಕೇಳಿ. 2021ರಿಂದ ಪ್ರಯೋಗವಾಗಿ ನಡೆದದ್ದು 2024ರಲ್ಲಿ ಆಟದ ನಿಯಮಗಳಲ್ಲೇ ಸೇರಿತು. ಆದರೆ ಅದನ್ನು ಬಳಸುವುದು ಬಿಡುವುದು ಆಯಾ ಟೂರ್ನಿಗೆ ಬಿಟ್ಟದ್ದು. ಪಂದ್ಯದ ಮಧ್ಯೆ ಈ ಚರ್ಚೆ ಶುರುವಾದರೆ ಐದು ನಿಮಿಷ ಹೋಗುತ್ತದೆ.

ಇಬ್ಬರೂ ಕ್ಯಾಪ್ಟನ್‌ಗಳಿಗೆ ಒಂದೇ ಮಾತು ಹೇಳಿ: 'ತಲೆಗೆ ಏಟು ಅಂತ ಅನ್ನಿಸಿದರೆ ನಾನು ನಿಲ್ಲಿಸುತ್ತೇನೆ. ಬಿದ್ದವರು ಹೊರಗೆ ಹೋಗಿ ತೋರಿಸಿಕೊಂಡು ಬರಬೇಕು.' ಮುಂದೆ ನಾಟಕ ಮಾಡಬೇಕು ಅಂದುಕೊಂಡವರಿಗೆ ಇದು ಮೊದಲ ಎಚ್ಚರಿಕೆ.

## ಹಂತ 2: ವಿಸಿಲ್

ಕಾಲು, ಮಂಡಿ, ಪಕ್ಕೆಗೆ ಸಣ್ಣ ಪೆಟ್ಟಾದರೆ ಚೆಂಡು ಹೊರಗೆ ಹೋಗುವ ತನಕ ಆಟ ನಡೆಯಲಿ ಎನ್ನುತ್ತದೆ ನಿಯಮ. ತಲೆಯ ವಿಷಯದಲ್ಲಿ ಕಾಯಬೇಡಿ. ತಲೆಗೆ ತಲೆ, ಮೊಣಕೈ, ಮಂಡಿ, ಬೂಟು, ಗೋಲ್ ಕಂಬ, ನೆಲ, ಇವುಗಳಲ್ಲಿ ಯಾವುದು ಬಡಿದದ್ದು ಕಂಡರೂ ತಕ್ಷಣ ಊದಿ. ಹತ್ತಿರದಿಂದ ಒದ್ದ ಚೆಂಡು ಮುಖಕ್ಕೆ ಬಡಿದರೂ ಅಷ್ಟೇ.

ಅಡ್ವಾಂಟೇಜ್ ಕೊಡಬಹುದಾ, ಅಂದರೆ ಫೌಲ್ ಆದರೂ ಅಟ್ಯಾಕ್ ಮಾಡುತ್ತಿರುವ ತಂಡಕ್ಕೆ ಲಾಭವಿದೆ ಎಂದು ಆಟ ಮುಂದುವರಿಯಲು ಬಿಡಬಹುದಾ? ನನ್ನ ಅಭಿಪ್ರಾಯ: ಚೆಂಡು ಆಗಲೇ ಗೋಲಿನತ್ತ ಹಾರುತ್ತಿದ್ದರೆ ಆ ಒಂದು ಸೆಕೆಂಡು ಬಿಡಿ. ಅದಕ್ಕಿಂತ ಜಾಸ್ತಿ ಬೇಡ. ಇನ್ನೊಂದು ಪಾಸ್, ಇನ್ನೊಂದು ಕ್ರಾಸ್ ನೋಡೋಣ ಎನ್ನುತ್ತಾ ಕಾಯುವಾಗ ಬಿದ್ದವನ ಸುತ್ತಲೇ ಆಟ ನಡೆಯುತ್ತಿರುತ್ತದೆ. ಅವನ ಮೇಲೆ ಇನ್ನೊಬ್ಬ ಎಡವಿ ಬಿದ್ದರೆ?

ಏಟು ತಗುಲಿದ್ದು ನಿಮಗೆ ಕಾಣಲೇ ಇಲ್ಲ, ಬೆನ್ನ ಹಿಂದೆ ಯಾರೋ ಬಿದ್ದಿದ್ದಾರೆ ಅಂದುಕೊಳ್ಳಿ. ಆಗ ಅಸಿಸ್ಟೆಂಟ್ ರೆಫರಿಯನ್ನು ನೋಡಿ. ಅವರೂ ನೋಡಿಲ್ಲವೆಂದರೆ ಆಟಗಾರರ ಮುಖ ನೋಡಿ. ಎದುರು ತಂಡದವನೇ ಕೈ ಎತ್ತಿ ಬೆಂಚನ್ನು ಕರೆಯುತ್ತಿದ್ದರೆ ಆ ಗಾಯ ನಾಟಕವಲ್ಲ. ಇಷ್ಟು ವರ್ಷಗಳಲ್ಲಿ ಈ ಒಂದು ಗುರುತು ನನಗೆ ಸುಳ್ಳಾಗಿದ್ದಿಲ್ಲ.

## ಹಂತ 3: ಮೊದಲ ಹತ್ತು ಸೆಕೆಂಡು

ಓಡಿ ಹೋಗಿ. ಓಡುವಾಗಲೇ ಬೆಂಚಿನ ಕಡೆ ಕೈ ತೋರಿಸಿ ಡಾಕ್ಟರನ್ನು ಒಳಗೆ ಕರೆಯಿರಿ. 'ಡಾಕ್ಟರ್ ಬೇಕಾ?' ಎಂದು ಬಿದ್ದವನನ್ನು ಕೇಳುತ್ತಾ ನಿಲ್ಲುವುದು ತುಂಬಾ ಜನ ಮಾಡುವ ತಪ್ಪು. ಮಂಡಿ ನೋವಿಗೆ ಆ ಪ್ರಶ್ನೆ ಸರಿ. ಆದರೆ ತಲೆಗೆ ಏಟು ಬಿದ್ದವನ ಉತ್ತರ ನಂಬುವ ಹಾಗಿಲ್ಲ. ಉತ್ತರ ಕೊಡಬೇಕಾದ ಮಿದುಳಿಗೇ ಪೆಟ್ಟಾಗಿರುತ್ತದೆ, ಅಲ್ವಾ?

ಹತ್ತಿರ ಹೋದಾಗ ನೀವು ನೋಡಬೇಕಾದದ್ದು ಇಷ್ಟು. ಅಲುಗಾಡದೆ ಮಲಗಿದ್ದಾನಾ? ಕಣ್ಣು ಶೂನ್ಯ ನೋಡುತ್ತಿದೆಯಾ? ತೋಳುಗಳು ಬಿಗಿಯಾಗಿ ಸೆಟೆದು ನಿಂತಿವೆಯಾ? ಬೀಳುವಾಗ ಕೈ ಊರಿದನಾ, ಇಲ್ಲ ಮರದ ದಿಮ್ಮಿಯ ಹಾಗೆ ಬಿದ್ದನಾ? ಏಳಲು ಹೋಗಿ ಓಲಾಡುತ್ತಿದ್ದಾನಾ? ಇವುಗಳಲ್ಲಿ ಒಂದು ಕಂಡರೂ ಅವನು ಆಟ ಮುಂದುವರಿಸಬಾರದು. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಎಂಬ ನಂಬಿಕೆ ಇನ್ನೂ ಇದೆ. ಅದು ಸುಳ್ಳು. ಹೆಚ್ಚಿನ ಕನ್ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದಿಲ್ಲ.

ಅಪಾಯದ ಗುರುತುಗಳು. ಕುತ್ತಿಗೆ ನೋವು, ಕೈಕಾಲು ಜೋಮು ಹಿಡಿಯುವುದು ಅಥವಾ ಬಲ ಇಲ್ಲದಿರುವುದು, ಎರಡೆರಡು ಕಾಣುವುದು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಜಾಸ್ತಿಯಾಗುತ್ತಾ ಹೋಗುವ ತಲೆನೋವು, ಜಾಸ್ತಿಯಾಗುವ ಗೊಂದಲ ಅಥವಾ ಸಿಟ್ಟು, ಪ್ರಜ್ಞೆ ಮಂಕಾಗುತ್ತಾ ಹೋಗುವುದು. ಇವು ಕಂಡರೆ ಟಚ್‌ಲೈನಿನ (ಮೈದಾನದ ಉದ್ದದ ಬದಿಯ ಗೆರೆಯ) ಹತ್ತಿರ ಕೂರಿಸಿ ನೋಡುವ ಮಾತೇ ಇಲ್ಲ. ತಕ್ಷಣ ಆಂಬುಲೆನ್ಸ್.

ಈ ಹೊತ್ತಿನಲ್ಲಿ ರೆಫರಿಯ ದೊಡ್ಡ ಕೆಲಸ, ಬೇರೆಯವರು ತಪ್ಪು ಮಾಡದ ಹಾಗೆ ತಡೆಯುವುದು. ಸ್ನೇಹಿತರು ಪ್ರೀತಿಯಿಂದಲೇ ಓಡಿ ಬಂದು ಅವನನ್ನು ಎತ್ತಿ ಕೂರಿಸಲು ನೋಡುತ್ತಾರೆ. ಕುತ್ತಿಗೆಗೂ ಪೆಟ್ಟಾಗಿರಬಹುದು, ಹಾಗಾಗಿ ಅಲುಗಾಡಿಸಲು ಬಿಡಬೇಡಿ. ನೀರು ಕುಡಿಸಲು, ಫಿಟ್ಸ್ ಬಂದಾಗ ಬಾಯೊಳಗೆ ಬೆರಳು ಹಾಕಿ ನಾಲಿಗೆ ಎಳೆಯಲು ಬಿಡಬೇಡಿ. ಉಸಿರಾಡುತ್ತಿದ್ದಾನಾ ಎಂದು ಮಾತ್ರ ಮೊದಲು ನೋಡಿ. ಉಸಿರು ಇಲ್ಲದಿದ್ದರೆ ಕುತ್ತಿಗೆಯ ಯೋಚನೆ ಆಮೇಲೆ. ಎದೆ ಒತ್ತುವುದು ಗೊತ್ತಿರುವವರು ಆ ಕ್ಷಣವೇ ಶುರು ಮಾಡಲಿ. ಡಾಕ್ಟರ್ ಇಲ್ಲದ ಪಂದ್ಯಗಳಿಗೆ ಹೋಗುವ ರೆಫರಿಗಳು ಪ್ರಥಮ ಚಿಕಿತ್ಸೆ ಕಲಿಯಲೇಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

## ಹಂತ 4: ನಿರ್ಧಾರ ಡಾಕ್ಟರದ್ದು

ಯೂರೋಪಿನ ಪಂದ್ಯಗಳಿಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಎಫಾ 2014ರಲ್ಲೇ ಒಂದು ಕ್ರಮ ತಂದಿತು. ತಲೆಗೆ ಪೆಟ್ಟಾದರೆ ರೆಫರಿ ಮೂರು ನಿಮಿಷದ ತನಕ ಆಟ ನಿಲ್ಲಿಸಬಹುದು. ಆಡಬಹುದು ಎಂದು ತಂಡದ ಡಾಕ್ಟರ್ ರೆಫರಿಗೆ ಹೇಳಿದ ಮೇಲಷ್ಟೇ ಆಟಗಾರ ಮುಂದುವರಿಯಬೇಕು. ಟೂರ್ನಿ ಯಾವುದೇ ಇರಲಿ, ಈ ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು. ಎರಡನೇ ಗಡಿಯಾರ ಒತ್ತಿ. ಎರಡು ಹೆಜ್ಜೆ ಹಿಂದೆ ನಿಲ್ಲಿ. ಡಾಕ್ಟರ್ ಮೇಲೆ ಅವಸರ ಹೇರಬೇಡಿ, 'ಬೇಗ, ಬೇಗ' ಎನ್ನುವ ಕೋಚನ್ನೂ ಹತ್ತಿರ ಬಿಡಬೇಡಿ.

ಡಾಕ್ಟರ್ ಹೇಳಿದ್ದನ್ನು ನೇರವಾಗಿ ಅವರ ಬಾಯಿಂದ ಕೇಳಿ. ಕೋಚ್ ಹೇಳಿದ್ದು, ಕ್ಯಾಪ್ಟನ್ ಹೇಳಿದ್ದು ಲೆಕ್ಕಕ್ಕಿಲ್ಲ. ಮುಖ್ಯವಾಗಿ, ಆಟಗಾರ ಸ್ವತಃ ಹೇಳಿದ್ದು ಲೆಕ್ಕಕ್ಕಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮೈದಾನದಲ್ಲಿ ರೆಫರಿಗೆ ಎರಡು ಥರದ ಸುಳ್ಳು ಸಿಗುತ್ತದೆ. 'ಅಯ್ಯೋ, ತಲೆ ಒಡೆಯಿತು' ಎನ್ನುವುದು ಒಂದು. 'ನನಗೇನೂ ಆಗಿಲ್ಲ ಸರ್, ಆಡ್ತೀನಿ' ಎನ್ನುವುದು ಇನ್ನೊಂದು. ನಾವೆಲ್ಲ ಮೊದಲನೆಯದನ್ನು ಹಿಡಿಯುವುದರಲ್ಲೇ ಮುಳುಗಿರುತ್ತೇವೆ. ಜೀವಕ್ಕೆ ಕುತ್ತು ತರುವುದು ಎರಡನೆಯದು. ಮೊದಲ ಪೆಟ್ಟಿನಿಂದ ಮಿದುಳು ಸುಧಾರಿಸಿಕೊಳ್ಳುವ ಮುಂಚೆ ಇನ್ನೊಂದು ಬಿದ್ದರೆ ಮಿದುಳು ಊದಿಕೊಂಡು ಪ್ರಾಣವೇ ಹೋಗಬಹುದು. ಇದು ಅಪರೂಪ, ಆದರೆ ಎಳೆಯ ಆಟಗಾರರಿಗೆ ಈ ಅಪಾಯ ಜಾಸ್ತಿ.

ಡಾಕ್ಟರ್ ಇಲ್ಲದಿದ್ದರೆ? ಆಗ ನಿಯಮ ಇನ್ನೂ ಸರಳ. ಅನುಮಾನ ಬಂತಾ, ಹೊರಗೆ. ಅವತ್ತು ಮತ್ತೆ ಒಳಗಿಲ್ಲ. ಗಂಭೀರ ಗಾಯವಾದ ಆಟಗಾರ ಮೈದಾನ ಬಿಡುವ ಹಾಗೆ ನೋಡಿಕೊಳ್ಳುವ ಅಧಿಕಾರವನ್ನು ಆಟದ ನಿಯಮಗಳಲ್ಲಿ ರೆಫರಿಯ ಬಗೆಗಿನ ಐದನೇ ನಿಯಮ ನಿಮಗೇ ಕೊಟ್ಟಿದೆ. ರೋಗದ ಹೆಸರು ಹೇಳುವುದು ನಿಮ್ಮ ಕೆಲಸವಲ್ಲ, ಆಟದಿಂದ ಹೊರಗಿಡುವುದು ನಿಮ್ಮ ಕೆಲಸ. 'ಈಗ ಯಾವ ಹಾಫ್? ಕೊನೆ ಗೋಲ್ ಯಾರು ಹೊಡೆದರು?' ಎಂದು ಕೇಳಿ ನೋಡಬಹುದು. ಉತ್ತರ ತಪ್ಪಿದರೆ ಅದೇ ಸಾಕು. ಉತ್ತರ ಸರಿ ಬಂತು ಅಂತ ಆಡಲು ಬಿಡಬೇಡಿ. ಗುರುತುಗಳು ಕೆಲವೊಮ್ಮೆ ಗಂಟೆಗಳ ಮೇಲೆ ಕಾಣಿಸಿಕೊಳ್ಳುತ್ತವೆ.

## ಹಂತ 5: ಯಾರು ಹೊರಗೆ ಹೋಗಬೇಕು, ಯಾರು ಉಳಿಯಬಹುದು

ಡಾಕ್ಟರ್ ಒಳಗೆ ಬಂದು ನೋಡಿದ ಆಟಗಾರ ಹೊರಗೆ ಹೋಗಬೇಕು, ಆಟ ಮತ್ತೆ ಶುರುವಾದ ಮೇಲೆ ನಿಮ್ಮ ಅನುಮತಿ ಪಡೆದು ಬರಬೇಕು. ಚೆಂಡು ಆಟದಲ್ಲಿದ್ದಾಗ ಬರುವುದಾದರೆ ಟಚ್‌ಲೈನಿನಿಂದ ಮಾತ್ರ.

ಇದಕ್ಕೆ ಕೆಲವು ವಿನಾಯಿತಿಗಳಿವೆ. ಗೋಲ್‌ಕೀಪರ್‌ಗೆ ಗಾಯವಾದರೆ, ಗೋಲ್‌ಕೀಪರ್ ಮತ್ತು ಬೇರೆ ಆಟಗಾರ ಡಿಕ್ಕಿ ಹೊಡೆದುಕೊಂಡರೆ, ಒಂದೇ ತಂಡದವರು ಡಿಕ್ಕಿ ಹೊಡೆದುಕೊಂಡರೆ, ಗಾಯ ತೀವ್ರವಾಗಿದ್ದರೆ ಮೈದಾನದಲ್ಲೇ ಚಿಕಿತ್ಸೆ ಕೊಡಬಹುದು. ಗಾಯ ಮಾಡಿದ ಎದುರಾಳಿಗೆ ಕಾರ್ಡ್ ತೋರಿಸಿದ್ದು ಚಿಕಿತ್ಸೆಯೂ ಬೇಗ ಮುಗಿದರೆ ಗಾಯಗೊಂಡವನು ಹೊರಗೆ ಹೋಗಬೇಕಿಲ್ಲ. ಪೆನಾಲ್ಟಿ ಒದೆಯಬೇಕಾದವನಿಗೂ ವಿನಾಯಿತಿ ಇದೆ. ಎರಡು ತಂಡಗಳ ಇಬ್ಬರು ಸಾಮಾನ್ಯ ಆಟಗಾರರು ತಲೆ ಬಡಿದುಕೊಂಡು, ಗಾಯ ತೀವ್ರವಾಗಿಲ್ಲದಿದ್ದರೆ ವಿನಾಯಿತಿ ಇಲ್ಲ. ಇಬ್ಬರೂ ಹೊರಗೆ. ಹೊಸಬರು ಇದನ್ನು ಆಗಾಗ ತಪ್ಪು ಮಾಡುತ್ತಾರೆ. ಆದರೆ ನೆನಪಿಡಿ: ವಿನಾಯಿತಿ ಇರುವುದು ಚಿಕಿತ್ಸೆ ಎಲ್ಲಿ ಎಂಬುದಕ್ಕೆ, ಆಡಬಹುದಾ ಎಂಬುದಕ್ಕಲ್ಲ.

ರಕ್ತ ಬರುತ್ತಿದ್ದರೆ ಹೊರಗೆ ಹೋಗಲೇಬೇಕು. ರಕ್ತ ನಿಂತಿದೆ, ಬಟ್ಟೆಯಲ್ಲಿ ರಕ್ತ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಒಳಗೆ ಬಿಡಿ. ಇಲ್ಲೊಂದು ಬಲೆ ಇದೆ. ತಲೆಗೆ ಬ್ಯಾಂಡೇಜ್ ಸುತ್ತಿದ ಕೂಡಲೇ ವಿಷಯ ಮುಗಿಯಿತು ಎಂದುಕೊಳ್ಳುತ್ತೇವೆ. ಬ್ಯಾಂಡೇಜ್ ನಿಲ್ಲಿಸುವುದು ರಕ್ತವನ್ನು ಮಾತ್ರ. ಒಳಗಿನ ಪೆಟ್ಟಿನ ಬಗ್ಗೆ ಡಾಕ್ಟರ್ ಬೇರೆಯಾಗಿಯೇ ಹೇಳಬೇಕು.

ಕನ್ಕಷನ್ ಸಬ್‌ಸ್ಟಿಟ್ಯೂಟ್ ಇರುವ ಟೂರ್ನಿಯಲ್ಲಿ ಒಂದು ತಂಡ ಪಂದ್ಯಕ್ಕೆ ಒಬ್ಬರನ್ನು ಹೀಗೆ ಬದಲಿಸಬಹುದು, ಮಾಮೂಲಿ ಬದಲಾವಣೆಗಳ ಲೆಕ್ಕಕ್ಕೆ ಇದು ಸೇರುವುದಿಲ್ಲ. ಎದುರು ತಂಡಕ್ಕೂ ಒಂದು ಹೆಚ್ಚುವರಿ ಬದಲಾವಣೆ ಸಿಗುತ್ತದೆ. ಅದನ್ನು ಅವರಿಗೆ ತಿಳಿಸಲು ಮರೆಯಬೇಡಿ. ಹೊರಗೆ ಹೋದವನು ಮತ್ತೆ ಬರುವಂತಿಲ್ಲ, ಪೆನಾಲ್ಟಿ ಶೂಟೌಟಿಗೂ ಇಲ್ಲ.

## ಹಂತ 6: ಈಗ ಎರಡನೇ ಪ್ರಶ್ನೆ

ಗಾಯಗೊಂಡವನು ಸರಿಯಾದ ಕೈ ಸೇರಿದ ಮೇಲೆ ಕಾರ್ಡಿನ ಬಗ್ಗೆ ಯೋಚಿಸಿ. ಗಾಯ ಎಷ್ಟು ದೊಡ್ಡದು ಎಂದು ನೋಡಿ ಕಾರ್ಡಿನ ಬಣ್ಣ ಆರಿಸಬೇಡಿ. ತಗುಲಿದ್ದು ಹೇಗೆ ಎಂದು ನೋಡಿ. ಇಬ್ಬರೂ ಚೆಂಡಿಗಾಗಿ ನೇರವಾಗಿ ಜಿಗಿದು ತಲೆ ಬಡಿದುಕೊಂಡರೆ ಯಾರ ತಪ್ಪೂ ಇರದೆಯೂ ಹೋಗಬಹುದು. ಜಿಗಿಯಲು ತೋಳು ಬೀಸಿದಾಗ ತಗುಲಿತಾ, ಇಲ್ಲ ತೋಳನ್ನೇ ಆಯುಧ ಮಾಡಿಕೊಂಡನಾ? ಅಜಾಗ್ರತೆಯಾದರೆ ಫ್ರೀ ಕಿಕ್ ಸಾಕು, ಎದುರಾಳಿಗೆ ಏನಾಗುತ್ತದೆ ಎಂಬ ಪರಿವೆಯೇ ಇಲ್ಲದೆ ನುಗ್ಗಿದ್ದರೆ ಹಳದಿ, ಮಿತಿ ಮೀರಿದ ಬಲವಿದ್ದರೆ ಕೆಂಪು. ಚೆಂಡಿಗೆ ಸ್ಪರ್ಧೆ ಇಲ್ಲದಾಗ ಬೇಕೆಂದೇ ಎದುರಾಳಿಯ ತಲೆಗೋ ಮುಖಕ್ಕೋ ಕೈಯಿಂದ ಹೊಡೆದರೆ ಕೆಂಪು, ಹೊಡೆತ ತೀರಾ ಹಗುರವಾಗಿದ್ದರೆ ಮಾತ್ರ ಬಿಡಬಹುದು.

## ಹಂತ 7: ನಾಟಕ ಅನ್ನಿಸಿದಾಗ

ಕೆಲವು ಗುರುತುಗಳಿವೆ. ಎದೆಗೆ ತಗುಲಿದ್ದಕ್ಕೆ ಕೈ ಮುಖಕ್ಕೆ ಹೋಗುತ್ತದೆ. ತಗುಲಿದ್ದಕ್ಕೂ ಬಿದ್ದದ್ದಕ್ಕೂ ನಡುವೆ ಅರ್ಧ ಸೆಕೆಂಡಿನ ಬಿಡುವಿರುತ್ತದೆ, ರೆಫರಿ ನೋಡುತ್ತಿದ್ದಾರಾ ಎಂದು ನೋಡಿಕೊಳ್ಳಲು. ಬೆರಳುಗಳ ಸಂದಿಯಿಂದ ಕಣ್ಣು ಇಣುಕುತ್ತದೆ. ಎಡಗೆನ್ನೆಗೆ ತಗುಲಿದರೆ ಬಲಗೆನ್ನೆ ಹಿಡಿದಿರುತ್ತಾನೆ. ಚೆಂಡು ಕಳೆದುಕೊಂಡ ಮೇಲಷ್ಟೇ ನೋವು ಶುರುವಾಗುತ್ತದೆ.

ಇವನ್ನು ತಿಳಿದಿರಿ, ಆದರೆ ಇವುಗಳ ಮೇಲೆ ವಿಸಿಲ್ ನಿರ್ಧರಿಸಬೇಡಿ. ನಿಜವಾಗಿ ಪೆಟ್ಟಾದವನೂ ಹೊರಳಾಡಬಹುದು, ಕೂಗಬಹುದು. ಈ ಗುರುತುಗಳು ಬೇಕಾಗುವುದು ಕಾರ್ಡಿಗೆ, ಅದೂ ನೀವೇ ಕಣ್ಣಾರೆ ಕಂಡಿದ್ದರೆ. ತಲೆಗೆ ಏನೂ ತಗುಲಲೇ ಇಲ್ಲ ಎಂದು ಸ್ಪಷ್ಟವಾಗಿ ಕಂಡಿದ್ದರೆ ಹನ್ನೆರಡನೇ ನಿಯಮದಂತೆ ಹಳದಿ ಕಾರ್ಡ್. ಗಾಯದ ನಾಟಕ ಮಾಡಿ ರೆಫರಿಯನ್ನು ಮೋಸಗೊಳಿಸಲು ನೋಡುವುದು ಅಶಿಸ್ತು. ಬರೀ ಅನುಮಾನವಿದ್ದರೆ ಕಾರ್ಡ್ ಬೇಡ.

ಅನುಮಾನ ಮಾತ್ರ ಇದ್ದಾಗ ಏನು ಮಾಡಬೇಕು? ಅವನ ಮಾತನ್ನು ಪೂರ್ತಿ ನಂಬಿ. 'ತಲೆ ನೋವಾ? ಸರಿ, ಡಾಕ್ಟರ್ ಪೂರ್ತಿ ನೋಡಲಿ, ಹೊರಗೆ ಬನ್ನಿ' ಎನ್ನಿ. ನಿಜವಾಗಿ ಪೆಟ್ಟಾಗಿದ್ದರೆ ಅವನಿಗೆ ಬೇಕಾದದ್ದೂ ಅದೇ. ನಾಟಕವಾಗಿದ್ದರೆ ಅವನ ತಂಡ ಸ್ವಲ್ಪ ಹೊತ್ತು ಹತ್ತೇ ಜನರಲ್ಲಿ ಆಡಬೇಕಾಗುತ್ತದೆ. ಎರಡಕ್ಕೂ ಒಂದೇ ಮದ್ದು. ಇದನ್ನು ಸಿಟ್ಟಿಲ್ಲದೆ, ಪ್ರತಿಸಲವೂ ಮಾಡಿದರೆ ಎರಡನೇ ಹಾಫ್ ಹೊತ್ತಿಗೆ ತಲೆ ಹಿಡಿದುಕೊಳ್ಳುವವರ ಸಂಖ್ಯೆ ತಾನಾಗಿ ಇಳಿಯುತ್ತದೆ.

ಗೋಲ್‌ಕೀಪರ್ ವಿಷಯ ಕಷ್ಟ. ಅವರು ಹೊರಗೆ ಹೋಗಬೇಕಿಲ್ಲ ಎಂದು ಗೊತ್ತಿರುವ ತಂಡಗಳು, ಒತ್ತಡ ಜಾಸ್ತಿಯಾದಾಗ ಕೀಪರ್‌ನನ್ನು ಕೂರಿಸಿ ಉಳಿದವರನ್ನು ಕೋಚ್ ಹತ್ತಿರ ಕರೆಸುತ್ತವೆ. ಚಿಕಿತ್ಸೆ ತಡೆಯಬೇಡಿ. ಆಟಗಾರರು ಬೆಂಚಿನತ್ತ ಹೋಗುವುದನ್ನು ತಡೆಯಿರಿ, ಎಲ್ಲರನ್ನೂ ಮೈದಾನದ ಒಳಗೇ ಇರಿಸಿ. ಎರಡನೇ ಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ಒತ್ತಿ. ಹೋದ ಸಮಯ ಒಂದು ಸೆಕೆಂಡೂ ಬಿಡದೆ ವಾಪಸ್ ಸೇರಿಸುತ್ತೇನೆ ಎಂದು ಕ್ಯಾಪ್ಟನ್‌ಗೆ ಹೇಳಿ, ಹಾಗೇ ಸೇರಿಸಿ.

## ಹಂತ 8: ಆಟ ಮತ್ತೆ ಶುರು

ಫೌಲ್‌ಗಾಗಿ ನಿಲ್ಲಿಸಿದ್ದರೆ ಫ್ರೀ ಕಿಕ್ ಅಥವಾ ಪೆನಾಲ್ಟಿ. ನಾಟಕವೇ ನಿಲ್ಲಿಸಲು ಕಾರಣ, ಅದಕ್ಕೆ ಹಳದಿ ಕಾರ್ಡ್ ಕೊಟ್ಟಿದ್ದೀರಿ ಎಂದಾದರೆ ಎದುರು ತಂಡಕ್ಕೆ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲ್ ಹೊಡೆಯಲಾಗದ ಫ್ರೀ ಕಿಕ್). ಬರೀ ಗಾಯಕ್ಕೆ ನಿಲ್ಲಿಸಿದ್ದರೆ ಡ್ರಾಪ್ ಬಾಲ್, ಅಂದರೆ ರೆಫರಿಯೇ ಚೆಂಡನ್ನು ಒಬ್ಬ ಆಟಗಾರನ ಮುಂದೆ ನೆಲಕ್ಕೆ ಬಿಡುವುದು. ಚೆಂಡು ಪೆನಾಲ್ಟಿ ಏರಿಯಾದಲ್ಲಿದ್ದರೆ ಆ ಕಡೆಯ ಗೋಲನ್ನು ಕಾಯುತ್ತಿದ್ದ ತಂಡದ ಗೋಲ್‌ಕೀಪರ್‌ಗೆ. ಬೇರೆ ಕಡೆಯಾದರೆ, 2025–26ರ ನಿಯಮದಂತೆ, ಚೆಂಡು ಯಾರ ಬಳಿ ಇತ್ತೋ ಅಥವಾ ಯಾರಿಗೆ ಸಿಗುವುದು ಸ್ಪಷ್ಟವಿತ್ತೋ ಆ ತಂಡಕ್ಕೆ. ಅದು ಸ್ಪಷ್ಟವಿಲ್ಲದಿದ್ದರೆ ಕೊನೆಗೆ ಮುಟ್ಟಿದ ತಂಡಕ್ಕೆ. ಉಳಿದವರೆಲ್ಲ 4 ಮೀಟರ್ ದೂರ.

ಈ ನಿಯಮ ಗೊತ್ತಿದ್ದರೆ ವಿಸಿಲ್ ಊದುವ ಭಯ ಕಡಿಮೆಯಾಗುತ್ತದೆ. ಅಟ್ಯಾಕ್ ನಿಂತರೂ ಚೆಂಡು ಸಾಮಾನ್ಯವಾಗಿ ಅದೇ ತಂಡಕ್ಕೆ ವಾಪಸ್ ಹೋಗುತ್ತದೆ. ಎದುರಿನ ಪೆನಾಲ್ಟಿ ಏರಿಯಾದ ಒಳಗೆ ನಿಂತಾಗ ಮಾತ್ರ ಅವರಿಗೆ ನಷ್ಟ. ಆ ನಷ್ಟವನ್ನು ಒಪ್ಪಿಕೊಳ್ಳಲೇಬೇಕು.

## ಹಂತ 9: ವಾಪಸ್ ಬಂದವನ ಮೇಲೆ ಕಣ್ಣಿಡಿ

ಡಾಕ್ಟರ್ ಒಪ್ಪಿ ಒಳಗೆ ಬಿಟ್ಟ ಮೇಲೂ ನಿಮ್ಮ ಕೆಲಸ ಮುಗಿದಿಲ್ಲ. 2014ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ತಲೆಗೆ ಪೆಟ್ಟಾದ ಮೇಲೂ ಆಡುತ್ತಿದ್ದರು. ಆಮೇಲೆ ಅವರು ರೆಫರಿ ನಿಕೋಲಾ ರಿಜ್ಜೋಲಿ ಹತ್ತಿರ ಬಂದು ಇದು ಫೈನಲ್ ಪಂದ್ಯವಾ ಎಂದು ಕೇಳಿದರು. ರಿಜ್ಜೋಲಿ ಅದನ್ನು ಜರ್ಮನಿಯ ಶ್ವೈನ್‌ಸ್ಟೈಗರ್‌ಗೆ ತಿಳಿಸಿದರು. ಕ್ರಾಮರ್ 31ನೇ ನಿಮಿಷದಲ್ಲಿ ಹೊರಗೆ ಹೋದರು. ಮೈದಾನದಲ್ಲಿ ಆಟಗಾರನಿಗೆ ಅಷ್ಟು ಹತ್ತಿರ ಇರುವ ಹೊರಗಿನವರು ರೆಫರಿ ಒಬ್ಬರೇ.

ನಾನೂ ಒಮ್ಮೆ ತಡವಾಗಿ ಎಚ್ಚೆತ್ತಿದ್ದೇನೆ. ಹುಡುಗರ ಪಂದ್ಯವೊಂದರಲ್ಲಿ ಇಬ್ಬರು ಹೆಡರಿಗೆ ಹೋಗಿ ತಲೆ ಬಡಿದುಕೊಂಡರು. ಡಿಫೆಂಡರ್ ತಕ್ಷಣ ಎದ್ದು ನಕ್ಕ. ನಾನು ಬಿಟ್ಟೆ. ನಾಲ್ಕು ನಿಮಿಷದ ಮೇಲೆ ಕಾರ್ನರ್ ಬಂದಾಗ ಅವನು ಎದುರು ತಂಡದ ಆಟಗಾರರ ಜೊತೆ ನಿಂತು, ತನ್ನ ತಂಡದವನನ್ನೇ ಮಾರ್ಕ್ ಮಾಡುತ್ತಿದ್ದ. ಅವನ ಕಣ್ಣು ನನಗೆ ಇವತ್ತಿಗೂ ನೆನಪಿದೆ. ಆಗ ನಿಲ್ಲಿಸಿ ಹೊರಗೆ ಕಳಿಸಿದೆ. ಆ ನಾಲ್ಕು ನಿಮಿಷದಲ್ಲಿ ಅವನು ಇನ್ನೊಂದು ಹೆಡರ್ ಮಾಡಿದ್ದ.

ತಪ್ಪು ಜಾಗದಲ್ಲಿ ನಿಲ್ಲುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಬೆಳಕಿಗೆ ಕಣ್ಣು ಮುಚ್ಚುವುದು, ಸುಮ್ನೆ ರೇಗುವುದು, ಸುಲಭದ ಪಾಸ್ ತಪ್ಪಿಸುವುದು. ಒಂದು ಕಂಡರೂ ಮತ್ತೆ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಹಾಫ್ ಟೈಮಿನಲ್ಲಿ ಇನ್ನೊಮ್ಮೆ ವಿಚಾರಿಸಿ.

## ಹಂತ 10: ಪಂದ್ಯ ಮುಗಿದ ಮೇಲೆ

ರಿಪೋರ್ಟಿನಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ. 'ಕನ್ಕಷನ್ ಆಗಿತ್ತು' ಎಂದಾಗಲಿ 'ನಾಟಕ ಮಾಡಿದ' ಎಂದಾಗಲಿ ತೀರ್ಪು ಬೇಡ. ಎಷ್ಟನೇ ನಿಮಿಷ, ಯಾವ ನಂಬರ್, ಏನು ತಲೆಯ ಯಾವ ಭಾಗಕ್ಕೆ ತಗುಲಿತು, ಆಟ ಎಷ್ಟು ಹೊತ್ತು ನಿಂತಿತು, ಡಾಕ್ಟರ್ ಏನು ಹೇಳಿದರು, ಆಟಗಾರ ಮುಂದುವರಿದನಾ. ಕಾರ್ಡ್ ಕೊಟ್ಟಿದ್ದರೆ ಅದಕ್ಕೆ ಕಾರಣ.

ಡಾಕ್ಟರ್ ಇಲ್ಲದ ಪಂದ್ಯವಾಗಿದ್ದರೆ ಹೊರಡುವ ಮುಂಚೆ ಕೋಚ್ ಅಥವಾ ಹುಡುಗನ ಮನೆಯವರನ್ನು ಕಂಡು ನಾಲ್ಕು ಮಾತು ಹೇಳಿ. ಇವತ್ತು ಇವನನ್ನು ಒಬ್ಬನೇ ಬಿಡಬೇಡಿ, ಮೊದಲ ಮೂರು ಗಂಟೆಯಂತೂ ಪಕ್ಕದಲ್ಲೇ ಇರಿ. ಗಾಡಿ ಓಡಿಸಲು ಬಿಡಬೇಡಿ. ವಾಂತಿ, ಜಾಸ್ತಿಯಾಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು ಕಂಡರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ಸರಿ ಎನ್ನುವ ತನಕ ಆಟ ಬೇಡ. ಹೇಳಿದ್ದು ಯಾರಿಗೆ, ಎಷ್ಟು ಗಂಟೆಗೆ ಎಂಬುದನ್ನೂ ರಿಪೋರ್ಟಿನಲ್ಲಿ ಸೇರಿಸಿ.